ಬೆಳಗಿನ ಹಿಮದಲ್ಲಿ ಗೆದ್ದ ಸ್ಕೀ ಮಧ್ಯಾಹ್ನ ಸೋಲುವುದೇಕೆ? ಪಿಸ್ಟ್ ಸ್ಕೀಯನ್ನು ಪರೀಕ್ಷಿಸಿ ಕೊಳ್ಳುವ ಬಗೆ

ಪ್ರಶ್ನೆ: ನಾನು ಮೈಸೂರಿನವನು, ಕೆಲಸ ಮ್ಯೂನಿಕ್‌ನಲ್ಲಿ. ನಾಲ್ಕು ಚಳಿಗಾಲಗಳಿಂದ ಗಾರ್ಮಿಶ್ ಮತ್ತು ಟಿರೋಲ್ ಕಡೆ ಬಾಡಿಗೆ ಸ್ಕೀಗಳಲ್ಲಿ ಇಳಿಯುತ್ತಿದ್ದೇನೆ. ಬೂಟು ಮಾತ್ರ ಸ್ವಂತದ್ದು, ಫ್ಲೆಕ್ಸ್ (ಬೂಟಿನ ಗಡುಸುತನದ ಅಂಕ) 100. ಎತ್ತರ 176 ಸೆಂ.ಮೀ., ತೂಕ 74 ಕಿಲೊ, ವಯಸ್ಸು 38. ಮಧ್ಯಮ ಕಷ್ಟದ ಕೆಂಪು ಇಳಿಜಾರುಗಳಲ್ಲಿ ಭಯವಿಲ್ಲ, ಕಾರ್ವಿಂಗ್ (ಜಾರಿಸದೆ ಅಂಚಿನ ಮೇಲೇ ತಿರುಗುವುದು) ಈಗೀಗ ರೂಢಿಯಾಗುತ್ತಿದೆ. ಪಿಸ್ಟ್ (ಯಂತ್ರದಿಂದ ಹಸನು ಮಾಡಿದ ಸ್ಕೀ ಇಳಿಜಾರು) ಬಿಟ್ಟು ಹೊರಗೆ ಹೋಗುವುದಿಲ್ಲ. ಮೊನ್ನೆ ಒಂದೇ ದಿನ ಮೂರು ಸ್ಕೀ ಪರೀಕ್ಷಿಸಿದೆ. ಬೆಳಗ್ಗೆ 9ಕ್ಕೆ ನಡುವಿನ ಅಗಲ 68 ಮಿ.ಮೀ. ಇರುವುದು: ಅದ್ಭುತ. ಹನ್ನೊಂದೂವರೆಗೆ 76 ಮಿ.ಮೀ.ನದು: ಚಪ್ಪಟೆಯಾಗಿ ಹೋಗುವಾಗ ಅತ್ತಿತ್ತ ತೇಲುತ್ತಿತ್ತು, ತಿರುವಿಗೆ ತಡವಾಗಿ ಸ್ಪಂದಿಸುತ್ತಿತ್ತು. ಎರಡು ಗಂಟೆಯ ಮೇಲೆ 84 ಮಿ.ಮೀ.ನದು: ಗುಡ್ಡೆಗಟ್ಟಿದ ಹಿಮದಲ್ಲೂ ಆರಾಮ. ಮರುವಾರ ಮೊದಲಿನ 68ರ ಸ್ಕೀಯನ್ನೇ ಮಧ್ಯಾಹ್ನ ಹಾಕಿದೆ, ನನ್ನನ್ನು ಎತ್ತೆತ್ತಿ ಹಾಕಿತು. ಅಂಗಡಿಯವರು 84ರದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಪಿಸ್ಟ್‌ಗೆ ಎಲ್ಲ ಹೊತ್ತಿಗೂ ಒದಗುವ ಒಂದೇ ಸ್ಕೀ ಆರಿಸುವುದು ಹೇಗೆ? ಎಷ್ಟು ಉದ್ದ? ಲೋಹದ ಹಾಳೆ ಇರುವುದು ಬೇಕೇ? ಊರಿಗೆ ಬಂದಾಗ ಗುಲ್ಮಾರ್ಗ್‌ಗೂ ಒಯ್ಯಬಹುದೇ?

ಉತ್ತರ: ನೀವು ಮೂರು ಸ್ಕೀಗಳನ್ನು ಮೂರು ಬೇರೆ ಬೇರೆ ಹಿಮದಲ್ಲಿ ಹೋಲಿಸಿದ್ದೀರಿ. ಹಾಗಾಗಿ ಅವುಗಳಲ್ಲಿ ಯಾವುದು ಮೇಲು ಎಂದು ಆ ದಿನದ ಅನುಭವದಿಂದ ಹೇಳಲಾಗದು. ಆದರೂ ನಿಮ್ಮ ವಿವರಣೆಯಲ್ಲಿ ಎರಡು ಒಳ್ಳೆಯ ಸುಳಿವುಗಳಿವೆ. 68ರ ಸ್ಕೀಯನ್ನು ಎರಡು ಹೊತ್ತಿನಲ್ಲೂ ನೋಡಿದ್ದೀರಿ, ಆದ್ದರಿಂದ ಅದರ ಮಟ್ಟಿಗೆ ನಿಮ್ಮ ತೀರ್ಪು ಸರಿಯಾಗಿಯೇ ಇದೆ. 76ರದು ತೇಲುತ್ತಿತ್ತು, ತಡವಾಗಿ ಹಿಡಿಯುತ್ತಿತ್ತು ಎಂದಿರಿ. ಅದು ಬಹುಮಟ್ಟಿಗೆ ಆ ಮಾದರಿಯ ಗುಣವಲ್ಲ, ಆ ನಿರ್ದಿಷ್ಟ ಜೋಡಿಯ ತಳ ಮತ್ತು ಅಂಚು ಕೆಟ್ಟಿದ್ದರ ಲಕ್ಷಣ. ನಿಮಗೆ ಹೊಂದುವ ವರ್ಗ ಅದೇ ಇರಬಹುದು. ಅದನ್ನು ಇಷ್ಟಕ್ಕೇ ಕೈಬಿಡಬೇಡಿ.

ಎಲ್ಲ ಹೊತ್ತಿಗೂ ಒದಗುವುದು ಅಂದರೆ ಏನು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳೋಣ. ಆಲ್ಪ್ಸ್‌ನ ಪಿಸ್ಟ್‌ಗಳನ್ನು ಹೆಚ್ಚಾಗಿ ಸಂಜೆ ಲಿಫ್ಟ್ ನಿಂತ ಮೇಲೆ ಯಂತ್ರ ಓಡಿಸಿ ಹಸನು ಮಾಡುತ್ತಾರೆ. ರಾತ್ರಿಯ ಚಳಿಗೆ ಆ ಸಣ್ಣ ಸಾಲುಗೆರೆಗಳು ಬಿಗಿಯುತ್ತವೆ. ಬೆಳಗ್ಗೆ 9ಕ್ಕೆ ಸಿಗುವುದು ಆ ಸಮನಾದ, ಗಟ್ಟಿಯಾದ, ಅಂಚು ಕಚ್ಚಿದಲ್ಲೇ ನಿಲ್ಲುವ ಹಿಮ. ಅದರ ಮೇಲೆ ತಕ್ಕಮಟ್ಟಿಗೆ ಚೂಪಾಗಿರುವ ಯಾವ ಸ್ಕೀಯೂ ಚೆನ್ನಾಗಿಯೇ ಕಾಣುತ್ತದೆ. ಹನ್ನೊಂದರ ಹೊತ್ತಿಗೆ ಮೇಲ್ಪದರ ಪುಡಿಯಾಗಿ ಬದಿಗೆ ಸರಿಯುತ್ತದೆ, ಮಧ್ಯಾಹ್ನ ಅದು ಮೊಣಕಾಲೆತ್ತರದ ಗುಡ್ಡೆಗಳಾಗುತ್ತದೆ, ಗುಡ್ಡೆಗಳ ನಡುವೆ ಕೆರೆದು ನುಣುಪಾದ ಗಟ್ಟಿ ತಳ ಬಯಲಾಗುತ್ತದೆ. ಕೃತಕ ಹಿಮ ಹೆಚ್ಚಿರುವ ಕೆಳಮಟ್ಟದ ಇಳಿಜಾರುಗಳಲ್ಲಿ ಈ ತಳ ಮಂಜುಗಡ್ಡೆಯಷ್ಟೇ ಗಟ್ಟಿ. ಮಾರ್ಚ್ ಬಂದರೆ ಇದೇ ಜಾಗ ಒದ್ದೆ ಹಿಮದ ಗಂಜಿ. ಇಷ್ಟನ್ನೂ ಒಂದೇ ಜೋಡಿಯಲ್ಲಿ ಇಳಿಯಬೇಕು, ಅದೂ ಮಧ್ಯಾಹ್ನ ಕಾಲು ಸೋತಿರುವಾಗ. ಆದ್ದರಿಂದ ನೋಡಬೇಕಾದದ್ದು ಸ್ಕೀಯ ಅತ್ಯುತ್ತಮ ತಿರುವನ್ನಲ್ಲ, ಅದರ ಅತಿ ಕೆಟ್ಟ ತಿರುವು ಎಷ್ಟು ಕೆಟ್ಟದ್ದು ಎಂಬುದನ್ನು.

ಅದಕ್ಕೂ ಮೊದಲು ಸ್ಕೀಯ ತಳ. ಪರೀಕ್ಷೆಗೆಂದು ಕೊಡುವ ಸ್ಕೀಗಳು ದಿನಕ್ಕೆ ಹಲವರ ಕಾಲು ದಾಟಿ ಬಂದಿರುತ್ತವೆ. ಲಿಫ್ಟ್ ಬುಡದ ಅಂಗಡಿಯಲ್ಲಿ ತೆಗೆದುಕೊಳ್ಳುವಾಗಲೇ ಎರಡು ನಿಮಿಷ ಕೊಟ್ಟು ನೋಡಿ. ಹತ್ತು-ಹದಿನೈದು ಸೆಂ.ಮೀ.ನ ನೇರವಾದ ಉಕ್ಕಿನ ಅಳತೆಪಟ್ಟಿಯೊಂದು ಜೇಬಿನಲ್ಲಿರಲಿ. ತಳವನ್ನು ಮೇಲೆ ಮಾಡಿ, ಪಟ್ಟಿಯ ಅಂಚನ್ನು ಅಡ್ಡಲಾಗಿ ನಿಲ್ಲಿಸಿ, ಬೆಳಕಿನ ಕಡೆ ಹಿಡಿದು ನೋಡಿ. ಮುಂದೆ, ಪಾದದಡಿ, ಹಿಂದೆ ಮೂರೂ ಕಡೆ ನೋಡಬೇಕು. ನಡುವೆ ಬೆಳಕು ತೂರಿದರೆ ತಳ ಒಳಗೆ ಕುಸಿದಿದೆ, ಅಂಚುಗಳು ಎದ್ದು ನಿಂತಿವೆ. ಅಂಥ ಸ್ಕೀ ನಿಮಗೆ ಬೇಡವಾದಾಗಲೂ ಹಿಮವನ್ನು ಕಚ್ಚುತ್ತದೆ, ಜಾರಿಸಲು ಹೋದರೆ ಮುಗ್ಗರಿಸುತ್ತದೆ. ಎರಡೂ ಬದಿಯಲ್ಲಿ ಬೆಳಕು ಅಗಲವಾಗಿ ಕಂಡರೆ ತಳ ಉಬ್ಬಿದೆ. ಅಂಥದ್ದು ಚಪ್ಪಟೆಯಾಗಿ ಹೋಗುವಾಗ ತೇಲಾಡುತ್ತದೆ, ಓರೆ ಮಾಡಿದ ಮೇಲೂ ಅಂಚು ಹಿಮಕ್ಕೆ ತಾಗಲು ತಡವಾಗುತ್ತದೆ. ಕೊನೆಯ ಎರಡು-ಮೂರು ಮಿ.ಮೀ.ನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುವುದು ಮಾತ್ರ ಸಹಜ, ಅದು ಅಂಚಿಗೆ ಬೇಕೆಂದೇ ಕೊಟ್ಟ ಕೋನ.

ನಿಮ್ಮ 76ರ ಸ್ಕೀ ಹೇಳಿದ ಕಥೆ ಈ ಎರಡನೆಯದು. ಇನ್ನೊಂದು ಸಾಧ್ಯತೆಯೂ ಇದೆ. ಅಂಚಿನ ತಳಭಾಗಕ್ಕೆ ಸಾಮಾನ್ಯವಾಗಿ 0.5ರಿಂದ 1 ಡಿಗ್ರಿ, ಪಕ್ಕಕ್ಕೆ 2ರಿಂದ 3 ಡಿಗ್ರಿ ಕೋನ ಕೊಟ್ಟಿರುತ್ತಾರೆ. ಪಕ್ಕದ ಕೋನವನ್ನು ಎಷ್ಟು ಸಲ ಮಸೆದರೂ ಸರಿಪಡಿಸಬಹುದು. ತಳದ ಕೋನ ಹಾಗಲ್ಲ: ಪ್ರತಿ ಸಲ ಕೈಯಲ್ಲಿ ಉಜ್ಜಿದಾಗಲೂ ಅದು ಹೆಚ್ಚುತ್ತಲೇ ಹೋಗುತ್ತದೆ, ಕಡಿಮೆ ಮಾಡಬೇಕೆಂದರೆ ಇಡೀ ತಳವನ್ನೇ ಕಲ್ಲಿನ ಯಂತ್ರದಲ್ಲಿ ತೆಳುವಾಗಿ ಹೆರೆದು ಹೊಸದಾಗಿ ಕೋನ ಕೊಡಬೇಕು. ಒಂದು ಡಿಗ್ರಿ ಇರಬೇಕಾದಲ್ಲಿ ಎರಡಾಗಿದ್ದರೆ ಪ್ರತಿ ತಿರುವಿನ ಆರಂಭದಲ್ಲೂ ನೀವು ಒಂದು ಡಿಗ್ರಿ ಹೆಚ್ಚು ಓರೆ ಮಾಡಿದ ಮೇಲಷ್ಟೇ ಸ್ಕೀ ಎಚ್ಚರವಾಗುತ್ತದೆ. ಕಾಗದದ ಮೇಲೆ ಚಿಕ್ಕ ಸಂಖ್ಯೆ, ಕಾಲಿಗೆ ಅದು ಬೇರೆಯದೇ ಸ್ಕೀ. ತಯಾರಕರ ಮೇಲೆ ಹೊರಿಸುವ ಎಷ್ಟೋ ದೂರುಗಳು ನಿಜವಾಗಿ ಮಸೆದವರ ಮೇಲಿನ ದೂರುಗಳು.

ಚೂಪು ಇದೆಯೇ ನೋಡಲು ಹೆಬ್ಬೆರಳಿನ ಉಗುರಿನ ಮೇಲ್ಮೈಯನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಬಿಳಿ ಪುಡಿ ಬಂದರೆ ಚೂಪಾಗಿದೆ, ಜಾರಿ ಹೋದರೆ ಮೊಂಡಾಗಿದೆ. ಆಮೇಲೆ ಬೆರಳ ತುದಿಯನ್ನು ತಳದಿಂದ ಹೊರಗಿನ ಕಡೆಗೆ ಸವರಿ. ಸಾಣೆ ಹಿಡಿದ ಕುಡುಗೋಲಿನ ಬಾಯಲ್ಲಿ ಉಳಿಯುವಂಥ ತರಕಲು ಏಣು ತಾಗಿದರೆ ಸ್ಕೀ ಅಲ್ಲಲ್ಲಿ ಕಚ್ಚಿ ಬಿಡುತ್ತದೆ. ಸಣ್ಣ ಡೈಮಂಡ್ ಕಲ್ಲಿನಿಂದ ಎರಡು ಸಲ ಉಜ್ಜಿಕೊಡಿ ಎಂದು ಅಂಗಡಿಯಲ್ಲೇ ಕೇಳಿ, ಕೊಡುತ್ತಾರೆ. ತಳ ಉಬ್ಬಿದ್ದರೆ ಮಾತ್ರ ಆ ಜೋಡಿಯನ್ನು ಹಿಂತಿರುಗಿಸಿ ಬೇರೆಯದು ಕೇಳಿ. ಅದರ ಮೇಲೆ ಮಾಡಿದ ಪರೀಕ್ಷೆ ವ್ಯರ್ಥ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಒಂದು ವಿಷಯ ಗಮನಿಸಿ. ಪರೀಕ್ಷಾ ಸ್ಕೀಗಳ ಬೈಂಡಿಂಗ್ ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ, ಯಾವ ಬೂಟಿಗೂ ಹೊಂದಲಿ ಎಂದು. ಮುಂದಿನ ಮತ್ತು ಹಿಂದಿನ ಭಾಗಗಳೆರಡನ್ನೂ ನಿಮ್ಮ ಬೂಟಿನ ಅಳತೆಗೆ ಸರಿಸದೆ ಒಂದನ್ನೇ ಸರಿಸಿದ್ದರೆ ಬೂಟಿನ ನಡುಗೆರೆ ಸ್ಕೀಯ ಗುರುತಿಗಿಂತ ಹಿಂದೆಯೋ ಮುಂದೆಯೋ ಕೂರುತ್ತದೆ. ಒಂದು ಸೆಂ.ಮೀ. ವ್ಯತ್ಯಾಸವೂ ಗೊತ್ತಾಗುತ್ತದೆ: ಹಿಂದೆ ಸರಿದಿದ್ದರೆ ಮುಂತುದಿ ಹಿಮಕ್ಕೆ ಸೇರಲು ಹಿಂಜರಿಯುತ್ತದೆ, ಮುಂದೆ ಸರಿದಿದ್ದರೆ ಬಾಲ ಬೇಗ ಜಾರುತ್ತದೆ. ಬೂಟು ಹಾಕಿ ಗುರುತು ಕೂಡಿದೆಯೇ ಎಂದು ಬಗ್ಗಿ ನೋಡಿ. ನಿಮ್ಮ ಬೂಟಿನ ತಳ ಗ್ರಿಪ್‌ವಾಕ್ (ನಡೆಯಲು ಅನುಕೂಲವಾದ ಬಾಗಿದ ತಳ) ಆಗಿದ್ದರೆ ಬೈಂಡಿಂಗ್ ಮೇಲೂ ಆ ಗುರುತಿರಬೇಕು. ಬಿಡುಗಡೆಯ ಮಟ್ಟವನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಮತ್ತು ಎಷ್ಟು ಜೋರಾಗಿ ಇಳಿಯುತ್ತೀರಿ ಎಂಬುದರ ಮೇಲೆ ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಪಟ್ಟಿ ನೋಡಿ ಕೂರಿಸುತ್ತಾರೆ. ಈ ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ನಿಮ್ಮನ್ನು ನೀವು ಹೆಚ್ಚಿಸಿಕೊಳ್ಳಬೇಡಿ. ಬೀಳುವಾಗ ಬಿಡಬೇಕಾದ ಬೈಂಡಿಂಗ್ ಬಿಡದಿದ್ದರೆ ತಿರುಚುವುದು ಮೊಣಕಾಲು.

ಈಗ ಹೋಲಿಸುವ ಕ್ರಮ. ಹಿಮ ಗಂಟೆಗಂಟೆಗೆ ಬದಲಾಗುವುದನ್ನು ನೀವು ತಡೆಯಲಾರಿರಿ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಒಂದು ಸ್ಕೀಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ; ನೀವು ಬಲ್ಲ 68ರದೇ ಆಗಬಹುದು. ಮೊದಲು ಅದರಲ್ಲಿ ಎರಡು ಸಲ ಇಳಿಯಿರಿ, ನಂತರ ಹೊಸ ಸ್ಕೀಯಲ್ಲಿ ಮೂರು ಸಲ, ತಕ್ಷಣ ಮತ್ತೆ ಅಳತೆಗೋಲಿನಲ್ಲಿ ಒಂದು ಸಲ. ಕೊನೆಯ ಸಲ ಅಳತೆಗೋಲೂ ಮೊದಲಿಗಿಂತ ಕೆಟ್ಟದಾಗಿ ಕಂಡರೆ ಬದಲಾದದ್ದು ಹಿಮ ಅಥವಾ ನಿಮ್ಮ ಕಾಲು, ಸ್ಕೀ ಅಲ್ಲ. ಲಿಫ್ಟ್ ಒಂದೇ ಇರಲಿ, ಇಳಿಜಾರು ಒಂದೇ ಇರಲಿ, ಬೂಟಿನ ಬಕಲ್‌ಗಳ ಬಿಗಿಯೂ ಒಂದೇ ಇರಲಿ. ಕೆಳಗೆ ಸುಲಭವಾದ ನೀಲಿ ಭಾಗ, ಮೇಲೆ ಕೆಂಪು ಭಾಗ ಎರಡೂ ಇರುವ ಲಿಫ್ಟ್ ಆರಿಸಿದರೆ ಅಡ್ಡಾಟ ಉಳಿಯುತ್ತದೆ. ಆಸ್ಟ್ರಿಯ, ಜರ್ಮನಿಗಳಲ್ಲಿ ನೀಲಿ ಎಂದರೆ ಸುಮಾರು 25 ಶೇಕಡಾವರೆಗಿನ ಇಳಿತ, ಕೆಂಪು ಎಂದರೆ 40 ಶೇಕಡಾವರೆಗೆ. ಹೊಸ ಜೋಡಿಯ ಮೊದಲ ಇಳಿತದಲ್ಲಿ ತೀರ್ಪು ಕೊಡಬೇಡಿ. ಪ್ರತಿ ಸಲ ಲಿಫ್ಟ್ ಏರುವಾಗ ಫೋನಿನಲ್ಲಿ ನಾಲ್ಕು ಮಾತು ಬರೆದುಕೊಳ್ಳಿ. ಸಂಜೆಗೆ ನೆನಪು ಕೊನೆಯ ಸ್ಕೀಯ ಕಡೆಗೇ ವಾಲಿರುತ್ತದೆ.

ಇಳಿಯುವಾಗ ಏನು ಮಾಡಬೇಕು, ಏನು ನೋಡಬೇಕು?

ನೀಲಿಯಲ್ಲಿ ಮೊದಲು ಸ್ಕೀಯನ್ನು ಚಪ್ಪಟೆಯಾಗಿಟ್ಟು ನೇರ ಜಾರಿ. ಸುಮ್ಮನೆ ಹೋಗಬೇಕು. ಅತ್ತಿತ್ತ ಹುಡುಕಾಡಿದರೆ ಮೇಲೆ ಹೇಳಿದ ತಳದ ದೋಷ. ನಂತರ ಕೆಂಪಿನಲ್ಲಿ ಇಳಿಜಾರಿಗೆ ಅಡ್ಡಲಾಗಿ ನಿಂತು ಅಂಚು ಸಡಿಲಿಸಿ, ಪಕ್ಕಕ್ಕೆ ಹತ್ತು ಮೀಟರ್ ಜಾರಿ. ಮುಂತುದಿಯೂ ಬಾಲವೂ ಒಂದೇ ವೇಗದಲ್ಲಿ ಇಳಿದರೆ ಸ್ಕೀ ಸಮತೂಕವಾಗಿದೆ, ಮಸೆತವೂ ಸರಿ. ಬಾಲ ಸಿಕ್ಕಿಕೊಳ್ಳುತ್ತಾ ಮುಂತುದಿ ಮಾತ್ರ ಕೆಳಗೆ ಓಡಿದರೆ ಬಾಲದ ಬಳಿ ಏಣು ಉಳಿದಿದೆ ಅಥವಾ ಬಾಲವೇ ನಿಮಗೆ ಹೆಚ್ಚು ಗಡುಸು.

ಮತ್ತೆ ನೀಲಿಗೆ ಬಂದು, ಗಂಟೆಗೆ 20ರಿಂದ 25 ಕಿ.ಮೀ. ವೇಗದಲ್ಲಿ, ಮೈ ತಿರುಗಿಸದೆ ಕಣಕಾಲುಗಳನ್ನು ಮಾತ್ರ ಓರೆ ಮಾಡಿ ಹಳಿಯಂಥ ಗೆರೆಗಳನ್ನು ಬಿಡುತ್ತಾ ಹೋಗಿ. ನಿಂತು ಹಿಂತಿರುಗಿ ನೋಡಿ. ಎರಡು ತೆಳ್ಳನೆಯ ಗೆರೆಗಳು ತಿರುವಿನ ಮೊದಲಿನಿಂದ ಕೊನೆಯವರೆಗೆ ಬಿದ್ದಿದ್ದರೆ ಮುಂತುದಿ ತಾನಾಗಿ ಹಿಮ ಸೇರುತ್ತಿದೆ. ಆರಂಭದಲ್ಲಿ ಸವರಿದ ಅಗಲ ಗುರುತಿದ್ದು ಆಮೇಲೆ ಗೆರೆ ತೆಳ್ಳಗಾದರೆ ಮುಂದಿನ ರಾಕರ್ (ಮುಂತುದಿಯ ಮೇಲ್ಬಾಗು) ನಿಮಗೆ ಹೆಚ್ಚಾಗಿದೆ, ಅಥವಾ ನಿಮ್ಮ ಭಾರ ಹಿಂದಿದೆ. ಯಾವುದೆಂದು ತಿಳಿಯಲು ಅಳತೆಗೋಲಿನ ಗೆರೆ ನೋಡಿ. ಅದರಲ್ಲೂ ಹಾಗೇ ಇದ್ದರೆ ಕಾರಣ ನೀವು.

ಕೆಂಪಿನಲ್ಲಿ ಮಧ್ಯಮ ಗಾತ್ರದ ತಿರುವುಗಳು. ಇಲ್ಲಿ ಗಮನ ತಿರುವಿನ ಕೊನೆಯ ಮೂರನೆಯ ಒಂದು ಭಾಗದ ಮೇಲಿರಲಿ. ಒತ್ತಡ ಅತಿ ಹೆಚ್ಚು ಬೀಳುವುದು ಅಲ್ಲಿ. ಸ್ಕೀ ಪಟಪಟನೆ ನಡುಗಿದರೆ ಮೂರು ಕಾರಣಗಳಿರಬಹುದು: ಅಂಚು ಪಾದದಡಿಯಲ್ಲಿ ಮೊಂಡಾಗಿದೆ, ಸ್ಕೀ ತಿರುಚಿಗೆ ಮೆದು, ಅಥವಾ ನೀವು ತಿರುವಿನ ಕೊನೆಯಲ್ಲಿ ಒಮ್ಮೆಲೇ ತುಳಿಯುತ್ತಿದ್ದೀರಿ. ಮೊಂಡಂಚಾದರೆ ನಡುಕದ ಜೊತೆ ಜಾರುವಿಕೆ ಎಲ್ಲ ವೇಗದಲ್ಲೂ ಇರುತ್ತದೆ. ತಿರುಚಿಗೆ ಮೆದುವಾದರೆ ನಿಧಾನದಲ್ಲಿ ಏನೂ ಗೊತ್ತಾಗದು, ವೇಗ ಏರಿದಾಗ ಮುಂತುದಿಯಿಂದ ನಡುಕ ಶುರುವಾಗುತ್ತದೆ. ನಿಮ್ಮ ತುಳಿತವೇ ಕಾರಣವಾದರೆ ಬೇಗ ಓರೆ ಮಾಡಿ, ಒತ್ತಡವನ್ನು ಮೊದಲಿನಿಂದಲೇ ಹಂಚಿದಾಗ ಅದು ನಿಲ್ಲುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪರೀಕ್ಷೆ. ಅಂಗಡಿಯ ಮಾತೆಲ್ಲ ಸ್ಕೀ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಸುತ್ತಲೇ ಸುತ್ತುತ್ತದೆ. ನೀವು ಅದು ಹೇಗೆ ಬಿಡುತ್ತದೆ ಎಂಬುದನ್ನು ನೋಡಿ. ಅಗಲವಾದ, ಖಾಲಿಯಿರುವ ಇಳಿಜಾರಿನಲ್ಲಿ, ಮೇಲಿನಿಂದ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು, ಪೂರ್ಣ ಕಾರ್ವಿಂಗ್ ತಿರುವಿನ ನಡುವೆ ಬೇಕೆಂದೇ ಕಣಕಾಲನ್ನು ಸ್ವಲ್ಪ ಚಪ್ಪಟೆ ಮಾಡಿ, ಒಂದೆರಡು ಮೀಟರ್ ಜಾರಿಸಿ, ಮತ್ತೆ ಅಂಚಿಗೆ ತನ್ನಿ. ಒಳ್ಳೆಯ ಬಹೂಪಯೋಗಿ ಸ್ಕೀ ಇದನ್ನು ಮರುಮಾತಿಲ್ಲದೆ ಮಾಡುತ್ತದೆ: ಬಿಟ್ಟಾಗ ಬಿಡುತ್ತದೆ, ಕೇಳಿದಾಗ ಹಿಡಿಯುತ್ತದೆ. ಸ್ಲಾಲಮ್ (ಒತ್ತೊತ್ತಾದ ಸಣ್ಣ ತಿರುವುಗಳ ರೇಸ್) ಜಾತಿಯ ಸ್ಕೀ ಬಿಡಲು ಒಪ್ಪುವುದಿಲ್ಲ. ಬಿಟ್ಟರೂ ಬಾಲ ಚಿಮ್ಮಿಸಿ ನಿಮ್ಮನ್ನು ಹಿಂದಕ್ಕೆ ಕೂರಿಸುತ್ತದೆ. ಮಧ್ಯಾಹ್ನದ 68ರದು ನಿಮ್ಮನ್ನು ಎತ್ತಿ ಹಾಕಿದ್ದೂ ಇದೇ ಕಾರಣಕ್ಕೆ. ಚಿಕ್ಕ ತ್ರಿಜ್ಯದ (ಸಣ್ಣ ವೃತ್ತದಲ್ಲಿ ತಿರುಗುವ), ಅಗಲ ಮುಂತುದಿಯ ಆ ಸ್ಕೀಗೆ ಪ್ರತಿ ಗುಡ್ಡೆಯೂ ಹೊಸ ತಿರುವಿನ ಕರೆಯಂತೆ ಕೇಳುತ್ತದೆ, ನೀವು ಹೇಳದಿದ್ದರೂ ಅದು ತಿರುಗುತ್ತದೆ. ಎಡಗಾಲಿನದು ಗುಡ್ಡೆ ಹತ್ತಿ ಒಂದು ಕಡೆ, ಬಲಗಾಲಿನದು ಗಟ್ಟಿ ತಳದಲ್ಲಿ ಇನ್ನೊಂದು ಕಡೆ.

ಮಧ್ಯಾಹ್ನ ಎರಡರ ಮೇಲೆ ಗುಡ್ಡೆಗಟ್ಟಿದ ಕೆಂಪಿನಲ್ಲಿ, ದಿನದ ಕೊನೆಗೆ ಊರಿಗಿಳಿಯುವ ಜನ ತುಂಬಿದ ದಾರಿಯಲ್ಲಿ ಗಂಟೆಗೆ 15 ಕಿ.ಮೀ. ವೇಗದ ಸಣ್ಣ ಜಾರು ತಿರುವುಗಳಲ್ಲಿ ಪರೀಕ್ಷೆ ಮುಗಿಸಿ. ಈ ಕೊನೆಯದನ್ನು ಯಾರೂ ಪರೀಕ್ಷೆ ಎಂದು ಎಣಿಸುವುದಿಲ್ಲ, ಆದರೆ ಪ್ರತಿ ದಿನದ ಕೊನೆಯ ಅರ್ಧ ಗಂಟೆ ಅಲ್ಲೇ ಕಳೆಯುತ್ತದೆ. ಚಪ್ಪಟೆ ಜಾರು, ಹಳಿಗೆರೆ, ಕೆಂಪಿನ ಹಿಡಿತ, ಬಿಡುವಿಕೆ, ಗುಡ್ಡೆ, ನಿಧಾನದ ದಾರಿ: ಪ್ರತಿಯೊಂದಕ್ಕೂ ಐದರಲ್ಲಿ ಅಂಕ ಕೊಡಿ. ಕೂಡಿಸಿ ಸರಾಸರಿ ತೆಗೆಯಬೇಡಿ. ಪ್ರತಿ ಸ್ಕೀಯ ಅತಿ ಕಡಿಮೆ ಅಂಕವನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ನಾಲ್ಕು ಬಂದ ಸ್ಕೀ, ನಾಲ್ಕರಲ್ಲಿ ಐದು ಬಂದು ಎರಡರಲ್ಲಿ ಎರಡು ಬಂದ ಸ್ಕೀಗಿಂತ ನಿಮಗೆ ಎಷ್ಟೋ ಮೇಲು.

ಅಳತೆಗಳ ಮಾತಿಗೆ ಬರೋಣ. ಅಂಗಡಿಯವರು ಹೇಳಿದ 84 ಮಿ.ಮೀ. ತಪ್ಪಾದ ಸ್ಕೀಯಲ್ಲ, ನಿಮ್ಮ ಬಳಕೆಗೆ ಅಗತ್ಯವಿಲ್ಲದ ಅಗಲ. ಆಲ್ಪೈನ್ ಬೂಟಿನ ತಳದ ಮುಂಭಾಗ ಸುಮಾರು 69 ಮಿ.ಮೀ. ಅಗಲ. ಸ್ಕೀಯ ನಡು ಅದಕ್ಕೆ ಹತ್ತಿರವಿದ್ದಾಗ ಅಂಚು ಹೆಚ್ಚುಕಡಿಮೆ ಪಾದದ ಅಡಿಯಲ್ಲೇ ಇರುತ್ತದೆ. 84 ಆದಾಗ ಅಂಚು ಮಧ್ಯರೇಖೆಯಿಂದ 42 ಮಿ.ಮೀ. ದೂರ, ಬೂಟಿನಿಂದಾಚೆ. ಗಟ್ಟಿ ಹಿಮದಲ್ಲಿ ಆ ದೂರ ಸನ್ನೆಕೋಲಾಗಿ ಸ್ಕೀಯನ್ನು ಚಪ್ಪಟೆ ಮಾಡಲು ನೋಡುತ್ತದೆ, ತಡೆದು ನಿಲ್ಲಿಸಬೇಕಾದದ್ದು ನಿಮ್ಮ ಕಣಕಾಲು ಮತ್ತು ಮೊಣಕಾಲು. ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಲೂ ಹೆಚ್ಚು ಹೊತ್ತು ಬೇಕು. ಮೆದು ಹಿಮದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಎರಡು ಗಂಟೆಯ ಮೇಲೆ ಹಾಕಿದ್ದರಿಂದ ನಿಮಗೂ ಕಾಣಲಿಲ್ಲ. ಅದನ್ನು ಬೆಳಗ್ಗೆ 9ಕ್ಕೆ ಹಾಕಿ ನೋಡಿ. ಗುಡ್ಡೆಗಳಲ್ಲಿ ಅದು ಆರಾಮವಾಗಿ ಕಂಡದ್ದಕ್ಕೆ ಅಗಲಕ್ಕಿಂತ ಹೆಚ್ಚಾಗಿ ಉದ್ದ ತ್ರಿಜ್ಯ ಮತ್ತು ಮೇಲಕ್ಕೆತ್ತಿದ ಮುಂತುದಿ ಕಾರಣವಿದ್ದೀತು. ಅವೆರಡೂ 74ರಿಂದ 78 ಮಿ.ಮೀ. ಸ್ಕೀಯಲ್ಲೂ ಸಿಗುತ್ತವೆ. ಪಿಸ್ಟ್ ಬಿಟ್ಟು ಹೋಗದ ನಿಮಗೆ ಈ ನಾಲ್ಕು ಮಿ.ಮೀ.ನ ಒಳಗೇ ಹುಡುಕಿ ಎನ್ನುತ್ತೇನೆ.

ತ್ರಿಜ್ಯ ಎಂದರೆ ಸ್ಕೀಯ ಪಕ್ಕದ ಬಾಗು ಪೂರ್ಣಗೊಳಿಸಬಹುದಾದ ವೃತ್ತದ್ದು. ಓರೆ ಮಾಡಿದಷ್ಟೂ ತಿರುವು ಇದಕ್ಕಿಂತ ಚಿಕ್ಕದಾಗುತ್ತದೆ: ಸುಮಾರಾಗಿ ತ್ರಿಜ್ಯವನ್ನು ಓರೆಯ ಕೋನದ ಕೊಸೈನ್‌ನಿಂದ ಗುಣಿಸಿ. 15 ಮೀಟರ್‌ನ ಸ್ಕೀ 45 ಡಿಗ್ರಿ ಓರೆಯಲ್ಲಿ 10.6 ಮೀಟರ್, 60 ಡಿಗ್ರಿಯಲ್ಲಿ 7.5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಆ ಓರೆಯಲ್ಲಿ ಬೀಳದೆ ನಿಲ್ಲಲು ವೇಗವೂ ಬೇಕು. 13 ಮೀಟರ್ ಸ್ಕೀಯಲ್ಲಿ ಗಂಟೆಗೆ 30 ಕಿ.ಮೀ.ಗೆ ಸಿಗುವ ಓರೆ 18 ಮೀಟರ್ ಸ್ಕೀಯಲ್ಲಿ ಸಿಗಲು ಸುಮಾರು 35 ಕಿ.ಮೀ. ಬೇಕು. ಕಾರ್ವಿಂಗ್ ಕಲಿಯುತ್ತಿರುವವರಿಗೆ 13ಕ್ಕಿಂತ ಕೆಳಗಿನದು ಚುರುಕು ಹೆಚ್ಚಾಗಿ ಒರಟಾಗುತ್ತದೆ, 17 ದಾಟಿದರೆ ಕೆಲಸ ಮಾಡಿಸಲು ವೇಗ ಸಾಲದು. 14ರಿಂದ 16 ನಿಮಗೆ ಸರಿ. ಒಂದೇ ಮಾದರಿಯಲ್ಲೂ ಉದ್ದ ಹೆಚ್ಚಿದಂತೆ ತ್ರಿಜ್ಯ ಹೆಚ್ಚುತ್ತದೆ, ಆದ್ದರಿಂದ ನೀವು ಕೊಳ್ಳುವ ಉದ್ದದ ಎದುರಿಗಿರುವ ಸಂಖ್ಯೆಯನ್ನೇ ಓದಿ. ಕೆಲವು ಸ್ಕೀಗಳಿಗೆ ಮೂರು ತ್ರಿಜ್ಯ ಬರೆದಿರುತ್ತದೆ. ಫೋಲ್ಕ್ಲ್ ಕಂಪನಿಯ ಡೀಕನ್ 76 ಹಾಗಿದೆ: ಮುಂದೆ ಉದ್ದನೆಯದು, ಪಾದದಡಿ ಚಿಕ್ಕದು, ಹಿಂದೆ ಮತ್ತೆ ಉದ್ದ. ಕಡಿಮೆ ಓರೆಯಲ್ಲಿ ಶಾಂತವಾಗಿದ್ದು, ಹೆಚ್ಚು ಬಾಗಿಸಿದಾಗ ಬಿಗಿಯಾಗಿ ತಿರುಗಲಿ ಎಂಬುದು ಉದ್ದೇಶ. ಅಂಥದ್ದನ್ನು ಒಂದೇ ಸಂಖ್ಯೆಯಿಂದ ಅಳೆಯಲಾಗದು, ಹಾಕಿಯೇ ನೋಡಬೇಕು.

ಉದ್ದ ನಿಮಗೆ 168ರಿಂದ 172 ಸೆಂ.ಮೀ., ಅಂದರೆ ಹಣೆಯ ಎತ್ತರದ ಆಸುಪಾಸು. ನಿರ್ಧರಿಸುವುದು ಎತ್ತರಕ್ಕಿಂತ ತೂಕ. ನಿಮ್ಮ ಎತ್ತರದವರೇ 90 ಕಿಲೊ ಇದ್ದರೆ ಐದು ಸೆಂ.ಮೀ. ಹೆಚ್ಚು ಹೇಳುತ್ತಿದ್ದೆ. ತಲೆಗಿಂತ ಎತ್ತರದ ಸ್ಕೀ ಬೇಕು ಎನ್ನುವ ಹಿರಿಯರು ಲಿಫ್ಟ್‌ನಲ್ಲಿ ಈಗಲೂ ಸಿಗುತ್ತಾರೆ. 1993ರಲ್ಲಿ ಸ್ಲೊವೇನಿಯದ ಇಲಾನ್ ಕಂಪನಿಯ ಎಸ್‌ಸಿಎಕ್ಸ್ ಬಂದು ಆಳವಾದ ಪಕ್ಕಬಾಗು ಎಲ್ಲೆಡೆ ಹಬ್ಬುವ ಮೊದಲು, ಸ್ಕೀ ಎಂದರೆ ಎರಡು ಮೀಟರ್‌ನ ನೇರ ಹಲಗೆಯಾಗಿದ್ದ ಕಾಲದ ಲೆಕ್ಕ ಅದು. ಅದೇ ಇಲಾನ್‌ನ ಆಂಫಿಬಿಯೊ ಸ್ಕೀಗಳನ್ನು ಪರೀಕ್ಷಿಸಿದರೆ ಒಂದು ಎಚ್ಚರಿಕೆ: ಅವಕ್ಕೆ ಎಡ ಬಲ ಬೇರೆ, ಒಳಬದಿ ಮತ್ತು ಹೊರಬದಿಯ ಆಕಾರ ಒಂದೇ ಅಲ್ಲ. ಅದಲು ಬದಲಾಗಿ ಹಾಕಿಕೊಂಡರೆ ಅಂಚಿನ ಹಿಡಿತ ಕಳೆದು, ಸ್ಕೀಯೇ ಸರಿಯಿಲ್ಲ ಎನಿಸುತ್ತದೆ.

ಲೋಹದ ಹಾಳೆ ಎಂದರೆ ಬಹುತೇಕ ಟೈಟಾನಲ್. ಹೆಸರು ಹಾಗಿದ್ದರೂ ಅದು ಅಲ್ಯೂಮಿನಿಯಂ ಮಿಶ್ರಲೋಹ. ಅರ್ಧ ಮಿ.ಮೀ. ಆಸುಪಾಸು ದಪ್ಪದ ಹಾಳೆಗಳನ್ನು ಮರದ ತಿರುಳಿನ ಮೇಲೂ ಕೆಳಗೂ ಅಂಟಿಸುತ್ತಾರೆ. ಅದರಿಂದ ಸ್ಕೀ ಉದ್ದಕ್ಕೆ ಬಾಗಿದರೂ ತಿರುಚಿಕೊಳ್ಳುವುದು ಕಡಿಮೆ, ತೂಕದಿಂದಾಗಿ ಗಟ್ಟಿ ಹಿಮದ ಸಣ್ಣ ಅದುರುಗಳು ಕಾಲಿಗೆ ಬರುವುದೂ ಕಡಿಮೆ. ಕಾರ್ವಿಂಗ್ ತಿರುವಿನಲ್ಲಿ ಎಷ್ಟು ಭಾರ ಬೀಳುತ್ತದೆ ಗೊತ್ತೇ? ಗಂಟೆಗೆ 40 ಕಿ.ಮೀ.ನಲ್ಲಿ 10.6 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ನಿಮ್ಮ 74 ಕಿಲೊ ಸುಮಾರು 115 ಕಿಲೊ ಆಗಿ ಹೊರ ಸ್ಕೀಯ ಮೇಲೆ ಕೂರುತ್ತದೆ. ಇದನ್ನು ತಿರುಚದೆ ಹೊರಬೇಕು, ಅದೇ ಹೊತ್ತಿಗೆ 25 ಕಿ.ಮೀ.ನಲ್ಲೂ ಬಾಗಬೇಕು. ಆದ್ದರಿಂದ ಲೋಹ ಇರಲಿ, ಆದರೆ ರೇಸ್ ಸ್ಕೀಯ ಗಡುಸುತನವಾಗಲಿ ಅದರ ಬೈಂಡಿಂಗ್ ಅಡಿಯ ಎತ್ತರದ ಭಾರಿ ಪ್ಲೇಟಾಗಲಿ ಬೇಡ. 170 ಸೆಂ.ಮೀ. ಉದ್ದದಲ್ಲಿ ಬೈಂಡಿಂಗ್ ಬಿಟ್ಟು ಒಂದು ಸ್ಕೀ ಎರಡು ಕಿಲೊ ಆಸುಪಾಸಿದ್ದರೆ ಗುಡ್ಡೆಗಳು ಅದನ್ನು ಸುಲಭವಾಗಿ ಬದಿಗೆ ತಳ್ಳಲಾರವು. ತೀರ ಹಗುರವಾದದ್ದು ಅಂಗಡಿಯಲ್ಲಿ ಎತ್ತಿದಾಗ ಹಿತ, ಮಧ್ಯಾಹ್ನದ ಪಿಸ್ಟ್‌ನಲ್ಲಿ ಅಲ್ಲ. ಕೈಯಲ್ಲಿ ಬಾಗಿಸಿ ನೋಡಿ ತೀರ್ಮಾನಿಸುವುದೂ ಬೇಡ, ಕೈಯ ಬಲಕ್ಕೂ 115 ಕಿಲೊಗೂ ಹೋಲಿಕೆಯೇ ಇಲ್ಲ.

ಈ ಅಳತೆಗಳಲ್ಲಿ ಹುಡುಕುವಾಗ ಡೀಕನ್ 76 ಅಲ್ಲದೆ ಹೆಡ್‌ನ ಸೂಪರ್‌ಶೇಪ್ ಇ-ರ‍್ಯಾಲಿ, ಸ್ವಿಟ್ಜರ್‌ಲೆಂಡಿನ ಸ್ಟಾಕ್ಲಿಯ ಲೇಸರ್ ಎಎಕ್ಸ್ ನೋಡಬಹುದು. ಎರಡರ ನಡುವೂ 78 ಮಿ.ಮೀ. ಹೆಡ್‌ನದೇ ಇ-ಮ್ಯಾಗ್ನಮ್ 72ರದು, ಬೆಳಗಿನ ಗಟ್ಟಿ ಹಿಮ ನಿಮಗೆ ಹೆಚ್ಚು ಪ್ರಿಯವಾದರೆ ಅದು. ಇವು ಶಿಫಾರಸಿನ ಪಟ್ಟಿಯಲ್ಲ, ನಿಮ್ಮ ಪರೀಕ್ಷೆಗೆ ಎಲ್ಲಿಂದ ಶುರು ಮಾಡಬೇಕೆಂಬ ಗುರುತು. ಹಲವು ಮಾದರಿಗಳಲ್ಲಿ ವರ್ಷದಿಂದ ವರ್ಷಕ್ಕೆ ಮೇಲಿನ ಬಣ್ಣವಷ್ಟೇ ಬದಲಾಗುತ್ತದೆ, ಹಾಗಾಗಿ ಋತುವಿನ ಕೊನೆಯಲ್ಲಿ ಹಳೆಯ ಬಣ್ಣದ ಹೊಸ ಜೋಡಿ ಕೊಳ್ಳುವುದರಿಂದ ನಷ್ಟವೇನಿಲ್ಲ. ಪರೀಕ್ಷಾ ಜೋಡಿಯನ್ನೇ ಅಗ್ಗಕ್ಕೆ ಕೊಡುತ್ತೇವೆ ಎಂದರೆ ಅಂಚಿನ ಉಕ್ಕು ಪಕ್ಕದಿಂದ ನೋಡಿದಾಗ ಎಷ್ಟು ಉಳಿದಿದೆ ಎಂದು ಹೊಸ ಜೋಡಿಯ ಪಕ್ಕ ಹಿಡಿದು ನೋಡಿ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬಿಟ್ಟುಬಿಡಿ.

ಗುಲ್ಮಾರ್ಗ್‌ಗೆ ಇದನ್ನು ಹೊತ್ತುಕೊಂಡು ಹೋಗಬೇಡಿ. ಅಲ್ಲಿನ ಹೆಸರೆಲ್ಲ ಗೊಂಡೊಲದ ಎರಡನೆಯ ಹಂತದಿಂದ, ಅಫರ್ವತ್‌ನ ಮೇಲ್ಭಾಗದಿಂದ ಇಳಿಯುವ, ಯಂತ್ರ ಮುಟ್ಟದ ಆಳ ಹಿಮಕ್ಕೆ. ಅಲ್ಲಿ 76 ಮಿ.ಮೀ. ಮುಳುಗುತ್ತದೆ, 100ರ ಆಸುಪಾಸಿನ ಅಗಲ ಬೇಕು, ಜೊತೆಗೆ ಹಿಮಕುಸಿತದ ಸಲಕರಣೆ ಮತ್ತು ಸ್ಥಳೀಯ ಮಾರ್ಗದರ್ಶಕರು ಬೇಕು. ನಿಮ್ಮ ಬೂಟು ಮಾತ್ರ ಒಯ್ದು, ಸ್ಕೀ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಉತ್ತರಾಖಂಡದ ಔಲಿಯ ಹಸನು ಮಾಡಿದ ಇಳಿಜಾರಿಗಾದರೆ ಪಿಸ್ಟ್ ಸ್ಕೀ ಹೊಂದುತ್ತದೆ, ಆದರೆ ಅಷ್ಟಕ್ಕಾಗಿ ವಿಮಾನದ ತೂಕ ತೆರುವುದು ಬೇಡ.

ಕೊಂಡ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಹೊಸ ಸ್ಕೀಯೂ ಕಾರ್ಖಾನೆಯಿಂದ ಯಾವಾಗಲೂ ಸಮತಟ್ಟಾಗಿ ಬಂದಿರುವುದಿಲ್ಲ, ಅದೇ ಉಕ್ಕಿನ ಪಟ್ಟಿಯಿಂದ ನೋಡಿ. ತಳಕ್ಕೆ 0.7ರಿಂದ 1 ಡಿಗ್ರಿ, ಪಕ್ಕಕ್ಕೆ 2 ಡಿಗ್ರಿ ಎಂದು ಬರೆಸಿ ಮಸೆಸಿಕೊಳ್ಳಿ. ಗಟ್ಟಿ ಹಿಮವೇ ಹೆಚ್ಚು ಸಿಗುವುದಾದರೆ ಪಕ್ಕಕ್ಕೆ 3. ಆಮೇಲೆ ಎರಡು-ಮೂರು ದಿನಕ್ಕೊಮ್ಮೆ, ಕೋನ ಹಿಡಿಯುವ ಗೈಡ್‌ಗೆ ಡೈಮಂಡ್ ಕಲ್ಲನ್ನು ಕಟ್ಟಿ, ಪಕ್ಕವನ್ನು ಮಾತ್ರ ನಾಲ್ಕೈದು ಸಲ ಎಳೆದರೆ ಸಾಕು. ತಳದ ಕೋನಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಪ್ರತಿ ಸಂಜೆ ಅಂಚಿನ ನೀರು ಒರೆಸಿ, ಎರಡು ಸ್ಕೀಗಳ ತಳ ಒಂದಕ್ಕೊಂದು ಉಜ್ಜದಂತೆ ಪಟ್ಟಿ ಕಟ್ಟಿಡಿ. ಒದ್ದೆ ಚೀಲದಲ್ಲಿ ಒಂದು ವಾರ ಬಿಟ್ಟರೆ ಅಂಚಿಗೆ ತುಕ್ಕು ಹತ್ತುತ್ತದೆ.